ಕಟ್ಟಿಹಾಕತಕ್ಕದ್ದಲ್ಲ ಎಂಬ ಸಾಲು

ನಾನು ನಿಂತಿದ್ದದ್ದು ನಮ್ಮ ಮನೆಯ ಎರಡನೆಯ ಮೆಟ್ಟಿಲ ಮೇಲೆ. ಕೈಯಲ್ಲಿ ಒಗೆದ ಟವೆಲ್ ಇತ್ತು. ಬೀದಿಯ ನೀರಿನ ಟ್ಯಾಂಕು ಅಲ್ಲಿಂದ ಹದಿನೈದು ಹೆಜ್ಜೆ. ಆಮೇಲೆ ಎರಡು ಸಲ ನಡೆದು ಎಣಿಸಿದ್ದೇನೆ. ನಡುವೆ ಮರವಾಗಲಿ ಗಾಡಿಯಾಗಲಿ ಇರಲಿಲ್ಲ. ಸಂಜೆಯ ಬಿಸಿಲು ನನ್ನ ಬೆನ್ನಿಗಿತ್ತು, ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ನಾನು ಸರಿಯಾಗಿ ನೋಡಿರಲಾರೆ ಎನ್ನುವವರು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಇಂದಿಗೂ ಇದ್ದಾರೆ.

ನಾನು ಪತ್ರ ಬರಹಗಾರ್ತಿ. ನೋಂದಣಿ ಕಚೇರಿಯ ಎದುರು ಅಪ್ಪ ಕೂರುತ್ತಿದ್ದ ಮೇಜಿನಲ್ಲೇ ಕೂರುತ್ತೇನೆ. ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು ಎಲ್ಲ ಈಗ ಕಂಪ್ಯೂಟರಿನಲ್ಲಿ ಆಗುತ್ತವೆ. ಜಗಳ ಮುಗಿದ ಮೇಲೆ ತಪ್ಪೊಪ್ಪಿಕೊಂಡು, ಇನ್ನು ಮುಂದೆ ಹೀಗೆ ನಡೆಯುವುದಿಲ್ಲ ಎಂದು ಬರೆದುಕೊಡುವ ಮುಚ್ಚಳಿಕೆ ಮಾತ್ರ ಕೈಬರಹದಲ್ಲೇ ಇರಬೇಕೆಂದು ಜನ ಕೇಳುತ್ತಾರೆ. ಕೈಯಲ್ಲಿ ಬರೆದರೆ ಮಾತು ತಪ್ಪಲಾರರು ಎಂಬ ನಂಬಿಕೆ. ಬೀದಿಗೆಲ್ಲ ಅಂಥ ಕಾಗದಗಳನ್ನು ಬರೆದುಕೊಟ್ಟವಳು ನಾನೇ.

ನಾಯಿ ಸಿಕ್ಕಿದ್ದು ಕುಂತೂರಿನಲ್ಲಿ. ನಡೆಯಲಾಗದ ಹಿರಿಯರೊಬ್ಬರಿಗೆ ಪತ್ರದ ಕರಡನ್ನು ಓದಿ ಹೇಳಲು ಹೋಗಿದ್ದೆ. ಕಬ್ಬು ಅರೆಯುವ ಕಾಲ. ಕಾರ್ಖಾನೆಯ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿದ್ದವು. ಸಾಲು ಮುಂದೆ ಸರಿದಾಗಲೆಲ್ಲ ಉದ್ದ ಕೂದಲಿನ, ಕಪ್ಪು ಬಿಳುಪಿನ ನಾಯಿಯೊಂದು ಹಿಂದಿನಿಂದ ಬಳಸಿಕೊಂಡು ಓಡಿಬರುತ್ತಿತ್ತು. ಮುಂಚಕ್ರದ ಎದುರು ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿ, ಚಕ್ರವನ್ನೇ ದಿಟ್ಟಿಸುತ್ತಿತ್ತು. ಚಕ್ರ ಉರುಳಿದೊಡನೆ ಎದ್ದು ಮತ್ತೆ ಸುತ್ತು. ಡ್ರೈವರುಗಳು ಅದರತ್ತ ಜಲ್ಲೆ ಎಸೆಯುತ್ತಿದ್ದರು. ಕುತ್ತಿಗೆಯ ಕೂದಲು ಪಟ್ಟಿ ಇದ್ದ ಜಾಗದಲ್ಲಿ ಸವೆದಿತ್ತು. ಪಟ್ಟಿ ಇರಲಿಲ್ಲ.

"ಕಾರಲ್ಲಿ ಬಂದೋರು ಇಳಿಸ್ಬುಟ್ಟು ಓದ್ರು ಕಣಕ್ಕ," ಎಂದ ಟೀ ಅಂಗಡಿಯವನು. "ಮೂರ್ ದಿನದಿಂದ ಟ್ರ್ಯಾಕ್ಟರ್ ಮೇಯ್ಸ್ತಾ ಅದೆ. ಇವತ್ತೋ ನಾಳೆಯೋ ಗಾಲಿಗೆ ಸಿಕ್ತದೆ."

ಬನ್ನು ತೋರಿಸಿ ಸ್ಕೂಟರಿನ ಕಾಲಿಡುವ ಜಾಗಕ್ಕೆ ಹತ್ತಿಸಿಕೊಂಡೆ. ಅದು ಹತ್ತಿ, ಮುಂಗಾಲನ್ನು ನನ್ನ ಮಂಡಿಗೆ ಕೊಟ್ಟು ನಿಂತಿತು, ಇದೇನು ಹೊಸದಲ್ಲ ಎಂಬಂತೆ.

ಅವ್ವ ಬಾಗಿಲಲ್ಲೇ ತಡೆದಳು. "ಇದೇನೆ ಇದು, ನಾಯೋ ಕರಡಿಯೋ?"

"ಒಂದು ವಾರ ಅವ್ವ. ಒಳ್ಳೆ ಮನೆ ಹುಡುಕಿ ಕೊಟ್ಬಿಡ್ತೀನಿ."

"ಊರೋರ್ಗೆಲ್ಲ ಬರ್ಕೊಡ್ತಿಯಲ್ಲ, ಒಂದ್ ವಾರ ಅಂತ ನಂಗೂ ಬರ್ಕೊಡು."

ಬರೆದುಕೊಡಲಿಲ್ಲ. ಹೆಸರನ್ನೂ ಇಡಲಿಲ್ಲ, ಇಟ್ಟರೆ ಕೊಡಲಾಗುವುದಿಲ್ಲ ಎಂದು ಗೊತ್ತಿತ್ತು. ಪಶುವೈದ್ಯರು ಬಾಯಿ ತೆರೆಸಿ ಹಲ್ಲು ನೋಡಿದರು, ಚುಚ್ಚುಮದ್ದು ಕೊಟ್ಟರು. ಹೆಣ್ಣು, ಎರಡು ವರ್ಷದ ಒಳಗೆ, ಬಾರ್ಡರ್ ಕೋಲಿ ಎಂಬ ಕುರಿ ಕಾಯುವ ಜಾತಿ ಎಂದರು. "ಇದಕ್ಕೆ ಕೆಲಸ ಕೊಡ್ಬೇಕು. ಕೊಡದೆ ಇದ್ರೆ ತಾನೇ ಹುಡುಕ್ಕೊಳುತ್ತೆ," ಎಂದರು.

ಹುಡುಕಿಕೊಂಡಿತು. ಬೆಳಿಗ್ಗೆ ಏಳುವಷ್ಟರಲ್ಲಿ ಮನೆಯ ಚಪ್ಪಲಿಗಳೆಲ್ಲ ಒಂದು ಮೂಲೆಯಲ್ಲಿ ಗುಂಪಾಗಿರುತ್ತಿದ್ದವು. ಅವ್ವ ಅಡಿಗೆಮನೆಯಿಂದ ಹಿತ್ತಿಲಿಗೆ ಹೊರಟರೆ ಎದುರಿನಿಂದ ಬಂದು, ಕಾಲ ಬಳಿ ಅಡ್ಡಡ್ಡ ನಡೆದು, ಮತ್ತೆ ಒಳಗೇ ತರುತ್ತಿತ್ತು. "ನನ್ನೇ ದೊಡ್ಡಿಗೆ ಕೂಡ್ತದಲ್ಲೇ ಇದು!" ಎಂದು ಅವ್ವ ಕೂಗುತ್ತಿದ್ದಳು. ಬೈದಂತೆ ಕೇಳುತ್ತಿತ್ತು, ಆದರೆ ಮುದ್ದೆಗೆ ಮಜ್ಜಿಗೆ ಕಲಸಿ ಇಡುತ್ತಿದ್ದವಳೂ ಅವಳೇ. ಬೆಳಿಗ್ಗೆ ಐದಕ್ಕೆ ನಾನು ಅದನ್ನು ಬೀದಿಯಾಚೆಯ ಬಯಲಿನಲ್ಲಿ ಓಡಿಸುತ್ತಿದ್ದೆ. ಒಂದು ಗಂಟೆ ಓಡಿದರೂ ಅದರ ಕಣ್ಣು ಇನ್ನೇನು ಎಂದು ಕೇಳುತ್ತಿತ್ತು. ಒಂದು ವಾರ ಮೂರು ವಾರವಾಯಿತು.

ಆ ಸಂಜೆ ಬಾಗಿಲ ಚಿಲಕ ಹಾಕದೆ ಹಿತ್ತಿಲಿಗೆ ಟವೆಲ್ ತರಲು ಹೋದದ್ದು ನನ್ನ ತಪ್ಪು. ಅದನ್ನು ಅವತ್ತೇ ಒಪ್ಪಿಕೊಂಡಿದ್ದೇನೆ, ಈಗಲೂ ಒಪ್ಪುತ್ತೇನೆ.

ನಾನು ಮೆಟ್ಟಿಲಿಗೆ ಬಂದಾಗ ಬೀದಿಯಲ್ಲಿ ಆರು ಮಕ್ಕಳು ಆಡುತ್ತಿದ್ದರು. ನಾಯಿ ಅವರ ಸುತ್ತ ದೊಡ್ಡ ವೃತ್ತದಲ್ಲಿ ಓಡುತ್ತಿತ್ತು. ಬೊಗಳಲಿಲ್ಲ, ಆ ಜಾತಿ ಕೆಲಸ ಮಾಡುವಾಗ ಬೊಗಳುವುದು ಕಡಿಮೆ. ವೃತ್ತ ಸಣ್ಣದಾಗುತ್ತ ಬಂತು. ಮಕ್ಕಳು ಮೊದಲು ನಗುತ್ತಿದ್ದರು. ಆರೂ ಜನ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಒತ್ತಾಗಿ ನಿಂತ ಮೇಲೆ ಎದುರುಮನೆಯ ಹುಡುಗಿ, ಎರಡನೇ ಕ್ಲಾಸಿನವಳು, ಹೆದರಿ ಎಡಕ್ಕೆ ಓಡಿದಳು. ನಾಯಿ ಅವಳಿಗಿಂತ ಮುಂದೆ ಹೋಗಿ ಅಡ್ಡ ಮಲಗಿತು. ಅವಳು ತಿರುಗಿದಳು, ಚರಂಡಿಯ ಮೇಲೆ ಹಾಸಿದ ಚಪ್ಪಡಿ ಎಡವಿ ಬಿದ್ದಳು. ಬಿದ್ದಾಗ ನಾಯಿಗೂ ಅವಳಿಗೂ ನಡುವೆ ಒಂದು ಮಾರು ಜಾಗವಿತ್ತು. ಬಲ ಮಂಡಿ ತರಚಿ ರಕ್ತ ಬಂತು.

ಆಮೇಲಿನದು ಬೇಗ ಆಯಿತು. ಹುಡುಗಿಯ ದೊಡ್ಡಪ್ಪ ಮನೆಯಿಂದ ಕಬ್ಬಿಣದ ರಾಡು ಹಿಡಿದು ಬಂದರು. ಮೊದಲ ಏಟು ನಾಯಿಯ ಹಿಂತೊಡೆಗೆ ಬಿತ್ತು. ಅದು ಕೂಗಿದ ಸದ್ದನ್ನು ಇಲ್ಲಿ ಬರೆಯಲಾರೆ. ಎರಡನೆಯ ಏಟಿಗೆ ರಾಡು ಎತ್ತುವಷ್ಟರಲ್ಲಿ ನಾನು ನಾಯಿಯ ಮೇಲೆ ಬಗ್ಗಿದ್ದೆ. ರಾಡು ಕೆಳಗೆ ಬರಲಿಲ್ಲ. ಎಷ್ಟು ಹೊತ್ತು ಮೇಲೆಯೇ ಇತ್ತು ಎಂಬುದೊಂದನ್ನು ಮಾತ್ರ ನಾನು ಖಚಿತವಾಗಿ ಹೇಳಲಾರೆ.

ಹುಡುಗಿಯನ್ನು ಅವಳ ತಾಯಿಯ ಜೊತೆ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಗಾಯ ತೊಳೆದು, ದೀಪ ಹಿಡಿದು ನೋಡಿ, ಹಲ್ಲಿನ ಗುರುತಿಲ್ಲ, ತರಚಿದ ಗಾಯ ಎಂದರು. ತಾಯಿಯ ಹೆದರಿಕೆ ನೋಡಿ ನಾಯಿ ಕಡಿತದ ಚುಚ್ಚುಮದ್ದನ್ನೂ ಶುರು ಮಾಡಿದರು. ಅದು ಸರಿಯೇ. ಆದರೆ ಬೀದಿಗೆ ಮರಳುವಷ್ಟರಲ್ಲಿ ನಾಯಿ ಕಚ್ಚಿತು ಎಂಬುದಕ್ಕೆ ಚುಚ್ಚುಮದ್ದೇ ಸಾಕ್ಷಿಯಾಗಿತ್ತು.

ಮರುದಿನ ಬೆಳಿಗ್ಗೆ ಐದು ಜನ ನಮ್ಮ ಜಗಲಿಗೆ ಬಂದರು. ಹುಡುಗಿಯ ದೊಡ್ಡಪ್ಪ ಬಿಳಿ ಹಾಳೆಯನ್ನೂ ತಂದಿದ್ದರು.

"ಮುಚ್ಚಳಿಕೆ ಬರ್ದ್ಕೊಡವ್ವ. ನನ್ನ ನಾಯಿ ಮಗೀನ ಕಚ್ತು, ಮುಂದಕ್ಕೆ ಏನಾರ ಆದ್ರೆ ನಾನೇ ಜವಾಬ್ದಾರಿ, ಭಾನುವಾರದೊಳ್ಗೆ ನಾಯಿ ಬೀದೀಲಿರಕಿಲ್ಲ ಅಂತ."

"ಮುಂದೆ ಏನಾದ್ರೂ ಆದ್ರೆ ನಾನೇ ಜವಾಬ್ದಾರಿ ಅಂತ ಬರೀತೀನಿ. ಭಾನುವಾರ ಅಂತಾನೂ ಬರೀತೀನಿ. ಕಚ್ತು ಅಂತ ಬರೆಯಲ್ಲ."

"ಕಚ್ದೆ ಸೂಜಿ ಆಕುದ್ರಾ?"

"ಹೆದರಿಕೆಗೆ ಹಾಕಿದ್ರು ಅಣ್ಣ. ಡಾಕ್ಟರು ಹೇಳಿದ್ದನ್ನ ಹುಡುಗಿಯ ತಾಯಿ ಕೇಳಿಸಿಕೊಂಡಿದ್ದಾರೆ."

"ಊರೋರ ಜಗಳಕ್ಕೆಲ್ಲ ನೀ ಬರೀತೀಯ. ನಿನ್ ಜಗಳಕ್ಕೆ ಮಾತ್ರ ಪೆನ್ನಲ್ಲಿ ಇಂಕಿಲ್ವಾ?" ಜೊತೆಗಿದ್ದವರು ನಕ್ಕರು.

ಇಂಕು ಇತ್ತು. ಆ ಹಾಳೆಯನ್ನೇ ತೆಗೆದುಕೊಂಡು, ಎಲ್ಲಿ ನಿಂತಿದ್ದೆ, ಏನು ನೋಡಿದೆ, ಚಿಲಕ ಯಾರು ಹಾಕಿರಲಿಲ್ಲ ಎಂದು ಎಂಟು ಸಾಲು ಬರೆದೆ. ಅಕ್ಷರಗಳು ನನ್ನವೇ ಎಂದು ನನಗೇ ಅನ್ನಿಸಲಿಲ್ಲ. ಕೆಳಗೆ ರುಜು ಹಾಕಿ ಕೊಟ್ಟೆ. ದೊಡ್ಡಪ್ಪ ಓದಿ ಜಗಲಿಯ ಮೇಲೆ ಇಟ್ಟರು.

"ಇದು ನಮ್ಗೆ ಬೇಕಾದ್ ಕಾಗ್ದ ಅಲ್ಲ. ಭಾನುವಾರ ನಾವೇ ಎತ್ಕಂಡೋಗಿ ಬೆಟ್ಟದ್ ದಾರೀಲಿ ಬುಟ್ಬುಡ್ತೀವಿ."

ಬೆಟ್ಟದ ದಾರಿಯಲ್ಲಿ ಬಿಟ್ಟ ನಾಯಿಗಳು ಏನಾಗುತ್ತವೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದೋ ಲಾರಿ, ಇಲ್ಲವೇ ಚಿರತೆ. ಅದಕ್ಕೇ "ಬಿಡುವುದು" ಎನ್ನುತ್ತಾರೆ. ಅಂದು ಬುಧವಾರ.

ಗುರುವಾರ ಯಳಂದೂರಿನ ಕಡೆಯ ತೋಟದ ಮನೆಗೆ ಒಯ್ದೆ. ಮಾಲೀಕರು ಫೋಟೋ ನೋಡಿಯೇ ಒಪ್ಪಿದ್ದರು. ಗೇಟಿನ ಪಕ್ಕ ಹೊಸ ಗೂಡು ಕಟ್ಟಿಸಿದ್ದರು, ಮೂರು ಕಡೆ ಗೋಡೆ, ಒಂದು ಕಡೆ ಸರಳು. ನನ್ನ ಹೆಜ್ಜೆಯಲ್ಲಿ ಉದ್ದ ಎರಡೂವರೆ, ಅಗಲ ಒಂದೂವರೆ.

"ಎಷ್ಟೊತ್ತು ಹೊರಗೆ ಬಿಡ್ತೀರಿ ಸಾ?"

"ಬಿಡೋದ್ಯಾಕೆ? ಬಂದೋರು ನೋಡ್ಲಿ ಅಂತ ಅಲ್ವಾ ತಕಳ್ತಿರೋದು."

ನಾಯಿಯನ್ನು ಮತ್ತೆ ಸ್ಕೂಟರಿಗೆ ಹತ್ತಿಸಿದೆ. ಅವರು ಹಿಂದಿನಿಂದ ಏನೋ ಕೂಗಿದರು. ತಿರುಗಿ ನೋಡಲಿಲ್ಲ. ಮೂರು ದಿನ ಉಳಿದಿದ್ದವು, ಸುಲಭಕ್ಕೆ ಸಿಕ್ಕ ಮನೆಯನ್ನು ಬೇಡವೆಂದು ಬಂದಿದ್ದೆ. ದಾರಿಯುದ್ದಕ್ಕೂ ಸಿಟ್ಟಿನಲ್ಲೇ ಇದ್ದೆ. ಆ ಸಿಟ್ಟು ಮುಂದೆ ಎಲ್ಲಿ ಹೋಗಿ ಕೂತಿತು ಎಂದು ಹೇಳುತ್ತೇನೆ.

ಶುಕ್ರವಾರ ನಾಯಿಯನ್ನು ಕಚೇರಿಗೇ ತಂದು ಮೇಜಿನ ಕಾಲಿಗೆ ಕಟ್ಟಿದೆ. ಮನೆಯಲ್ಲಿ ಬಿಡಲು ಧೈರ್ಯವಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಪೋಡಿನ, ಎಂದರೆ ಕಾಡಿನ ಬುಡಕಟ್ಟಿನವರ ಹಾಡಿಯ, ಹಿರಿಯರೊಬ್ಬರು ಒಂದು ಅರ್ಜಿ ಬರೆಸಲು ಬಂದಿದ್ದರು. ಕಾಡಿನಲ್ಲಿ ವಾಚರ್ ಆಗಿದ್ದವರು. ಅರ್ಜಿಗಿಂತ ಹೆಚ್ಚು ಹೊತ್ತು ನಾಯಿಯನ್ನು ನೋಡಿದರು.

"ಕಾಲು ಕುಂಟ್ತದೆ, ಆದ್ರೂ ಕುಂತಲ್ಲಿ ಕುಂತಿಲ್ಲ," ಎಂದರು.

"ತಗೊಂಡು ಹೋಗ್ತೀರಾ ತಾತ?"

"ನಮ್ ಪೋಡ್ಗೆ ಬ್ಯಾಡ ಕಣವ್ವ. ಜಿಂಕೆ ಕಂಡ್ರೆ ಸುತ್ತಾಕಕ್ಕೆ ಓಯ್ತದೆ. ಜಿಂಕೇಗೂ ಕೇಡು, ಇದ್ಕೂ ಕೇಡು." ನಾಯಿಯನ್ನು ಇನ್ನೊಮ್ಮೆ ನೋಡಿ ಹೇಳಿದರು. "ಬಂಡಳ್ಳೀಲಿ ಒಬ್ಳವ್ಳೆ, ನಮ್ಮೋಳಲ್ಲ, ಗುರ್ತಿನೋಳು. ಮೂವತ್ತೆರ್ಡು ಆಡವೆ. ಮಂಡಿ ಕೆಟ್ಟೋಗದೆ, ಓಡಕ್ಕಾಗಕಿಲ್ಲ. ದಿನಾ ಒಬ್ರ ಜ್ವಾಳಕ್ಕೆ ನುಗ್ಗುಸ್ಕಂಡು ಬೈಸ್ಕತಾಳೆ. ಕೇಳ್ನೋಡು."

ಶನಿವಾರ ಕಾಮಗೆರೆ, ಹನೂರು ದಾಟಿ ಬಂಡಳ್ಳಿಗೆ ಹೋದೆ. ಐವತ್ತರ ಆಸುಪಾಸಿನ ಹೆಂಗಸು, ಗಂಡ ಇಲ್ಲ, ಕೈಯಲ್ಲಿ ಅವಳಿಗಿಂತ ಎತ್ತರದ ಕೋಲು. ನಾಯಿಯನ್ನು ಮುಟ್ಟಲಿಲ್ಲ, ಕರೆಯಲಿಲ್ಲ. ಹತ್ತು ಮಾರು ದೂರದಲ್ಲಿ ಆಡುಗಳಿದ್ದವು. ನಾಯಿ ಅವನ್ನು ಕಂಡದ್ದೇ ಹಗ್ಗ ಬಿಗಿಯಾಯಿತು, ತಲೆ ತಗ್ಗಿತು, ಬಾಲ ಇಳಿಯಿತು. ಮೂರು ವಾರ ಚಪ್ಪಲಿ ಕಾದ ನಾಯಿ ಅಲ್ಲಿ ಬೇರೆಯೇ ಆಗಿ ನಿಂತಿತು.

"ಕಚ್ತದಾ?" ಎಂದಳು.

"ಇಲ್ಲ."

"ಯಾರಾದ್ರೂ ಅಂಗಂದವ್ರಾ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಟ್ಯಾಂಕು, ಚಪ್ಪಡಿ, ರಾಡು. ಅವಳು ಕೋಲಿನ ಮೇಲೆ ಗಲ್ಲ ಊರಿ ಪೂರ್ತಿ ಕೇಳಿದಳು. ಹಗ್ಗ ಬಿಡು ಎಂದಳು. ಬಿಟ್ಟೆ. ನಾಯಿ ಕುಂಟುತ್ತಲೇ ಎಡದಿಂದ ದೊಡ್ಡದಾಗಿ ಬಳಸಿ ಹೋಗಿ, ಮೂವತ್ತೆರಡನ್ನೂ ತಂದು ಅವಳ ಕೋಲಿನ ಮುಂದೆ ನಿಲ್ಲಿಸಿತು.

"ಅಯ್ಯೋ ನಿನ್ನ!" ಎಂದು ಅವಳು ಗಟ್ಟಿಯಾಗಿ ನಕ್ಕಳು. "ಇದ್ನ ನಾನೇ ಮಡಿಕ್ಕತೀನಿ."

ಹಾಗೇ ಬಂದುಬಿಡಬಹುದಿತ್ತು. ನಾನು ಕಾಗದ ತೆಗೆದೆ. ನಮ್ಮ ಕಸುಬಿನವರಿಗೆ ಬರೆಯದೆ ಕೊಟ್ಟದ್ದು ಕೊಟ್ಟ ಹಾಗೇ ಅಲ್ಲ. ಸ್ಕೂಟರಿನ ಸೀಟಿನ ಮೇಲಿಟ್ಟು ಎರಡು ಪ್ರತಿ ಬರೆದೆ. ಎರಡು ಹೊತ್ತು ಊಟ ಹಾಕತಕ್ಕದ್ದು. ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸತಕ್ಕದ್ದು. ಬೇರೆಯವರಿಗೆ ಕೊಡತಕ್ಕದ್ದಲ್ಲ. ನಾಲ್ಕನೆಯ ಸಾಲಿಗೆ ಬಂದಾಗ ಯಳಂದೂರಿನ ಸರಳಿನ ಗೂಡು ಕಣ್ಣ ಮುಂದೆ ಬಂತು. ಹಗಲು ರಾತ್ರಿ ಯಾವ ಹೊತ್ತಿನಲ್ಲೂ, ಯಾವ ಕಾರಣಕ್ಕೂ ಕಟ್ಟಿಹಾಕತಕ್ಕದ್ದಲ್ಲ ಎಂದು ಬರೆದು, ಆ ಸಾಲಿನ ಕೆಳಗೆ ಗೆರೆ ಎಳೆದೆ.

ಅವಳು ಎರಡು ಸಲ ಓದಿಸಿದಳು. ಹೆಬ್ಬೆಟ್ಟಿಗೆಂದು ಇಂಕಿನ ಪ್ಯಾಡು ತೆಗೆಯುತ್ತಿದ್ದೆ. "ನಂಗೆ ರುಜು ಬತ್ತದೆ," ಎಂದು ತಡೆದಳು. ನಾಲ್ಕು ಅಕ್ಷರಗಳನ್ನು ಬಿಡಿಬಿಡಿಯಾಗಿ, ನೆಲಕ್ಕೆ ಗೂಟ ಹೊಡೆದಷ್ಟು ಒತ್ತಿ ಬರೆದಳು. ನಾಯಿ ನನ್ನ ಸ್ಕೂಟರಿನ ಹಿಂದೆ ಸ್ವಲ್ಪ ದೂರ ಓಡಿಬಂತು. ನಾನು ನಿಲ್ಲಿಸಲಿಲ್ಲ.

ಹನ್ನೊಂದನೆಯ ದಿನ ಪಕ್ಕದ ಮನೆಯವರ ಫೋನಿನಿಂದ ಅವಳು ಮಾತಾಡಿದಳು. "ಆಡ್ಗಳು ಬಡವಾಯ್ತಾ ಅವೆ ಕಣವ್ವ. ಒಸಿ ಬಂದು ನೋಡು."

ಮಧ್ಯಾಹ್ನ ಹೋದೆ. ಊರಾಚೆಯ ಇಳಿಜಾರಿನಲ್ಲಿ ಕುರುಚಲು ಗಿಡಗಳು ಹಸಿರಾಗಿದ್ದವು. ಆ ಹಸಿರಿನ ನಡುವಿನ ಬೋಳು ನೆಲದಲ್ಲಿ ಮೂವತ್ತೆರಡು ಆಡುಗಳೂ ಒಂದಕ್ಕೊಂದು ಒತ್ತಿ ನಿಂತಿದ್ದವು. ಒಂದು ಆಡು ಗಿಡದತ್ತ ಎರಡು ಹೆಜ್ಜೆ ಇಟ್ಟಿತು. ನಾಯಿ ಬಳಸಿ ಬಂದು, ಮೈ ಮುಟ್ಟದೆ, ಕಣ್ಣಿನಲ್ಲೇ ಅದನ್ನು ಗುಂಪಿಗೆ ಮರಳಿಸಿತು. ಇನ್ನೊಂದು ಹೊರಟಿತು, ಅದನ್ನೂ ಮರಳಿಸಿತು. ನಾಯಿಯ ನಾಲಿಗೆ ಜೋತುಬಿದ್ದಿತ್ತು. ಹೆಂಗಸು ಉದ್ದನೆಯ ಗಳುವಿಗೆ ಕುಡುಗೋಲು ಕಟ್ಟಿಕೊಂಡು ಸೊಪ್ಪು ಕೊಯ್ದು, ಆ ಕೆಟ್ಟ ಮಂಡಿಯಲ್ಲೇ ಹೊತ್ತು ತಂದು ಆಡುಗಳಿಗೆ ಹಾಕುತ್ತಿದ್ದಳು.

ಆಡು ಹರಡಿಕೊಂಡು ಮೇಯುವ ಪ್ರಾಣಿ. ನಾಯಿ ಹರಡಿದ್ದನ್ನು ಒಟ್ಟು ಮಾಡುವ ಪ್ರಾಣಿ. ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

"ಹನ್ನೊಂದು ದಿನದಿಂದ ಹೀಗೇನಾ? ಮೇಯೋ ಹೊತ್ತಿಗೆ ಇದನ್ನ ಕಟ್ಟಿಹಾಕಬಾರದಿತ್ತಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀನೇ ಬರ್ದಿದ್ಯಲ್ಲವ್ವ, ಕಟ್ಬಾರ್ದು ಅಂತ. ಗೆರೆ ಬ್ಯಾರೆ ಎಳ್ದಿದ್ದೆ. ರುಜು ಆಕಿವ್ನಿ ನಾನು."

ನನ್ನ ಕಾಗದವನ್ನು ಅದರಲ್ಲಿದ್ದ ಹಾಗೇ ಪಾಲಿಸಿದವರನ್ನು ನಾನು ಮೊದಲ ಬಾರಿ ನೋಡುತ್ತಿದ್ದೆ. ಸುಳ್ಳು ಸಾಲು ಬರೆಯುವುದಿಲ್ಲ ಎಂದು ಬೀದಿಯ ಐದು ಜನರ ಎದುರು ಕೂತಿದ್ದವಳು ನಾನು. ಅದೇ ವಾರ, ಅದೇ ಪೆನ್ನಿನಲ್ಲಿ, ಯಾರದೋ ಗೂಡಿನ ಮೇಲಿನ ಸಿಟ್ಟನ್ನು ಇವಳ ಕಾಗದಕ್ಕೆ ಇಳಿಸಿದ್ದೆ. ಆಡು ಹೇಗೆ ಮೇಯುತ್ತದೆ ಎಂದು ಒಂದು ಮಾತು ಅವಳನ್ನು ಕೇಳಿರಲಿಲ್ಲ.

"ಆ ಸಾಲು ತಪ್ಪು. ಹೊಡೆದು ಹಾಕೋಣ," ಎಂದೆ.

"ಒಡೆದಾಕಿದ್ರೆ ಕಾಗ್ದ ಕೆಡಕಿಲ್ವಾ?"

"ಹೊಡೆದ ಜಾಗದಲ್ಲಿ ಇಬ್ಬರೂ ರುಜು ಹಾಕಿದ್ರೆ ಕೆಡಲ್ಲ. ಭೂಮಿ ಪತ್ರದಲ್ಲೂ ಹಾಗೇ ಮಾಡೋದು."

ನನ್ನ ಪ್ರತಿಯನ್ನೂ ತಂದಿದ್ದೆ. ಅವಳು ತನ್ನದನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದಳು. ಎರಡರಲ್ಲೂ ಆ ಸಾಲಿಗೆ ಅಡ್ಡಗೆರೆ ಎಳೆದೆ, ಪಕ್ಕದಲ್ಲಿ ಇಬ್ಬರೂ ರುಜು ಹಾಕಿದೆವು. ಹೊಸ ಸಾಲನ್ನು ಏನೆಂದು ಬರೆಯಲಿ ಎಂದು ಈ ಸಲ ಕೇಳಿದೆ.

ಅವಳು ಯೋಚಿಸಿದಳು. "ಭೂಮಿಗೆ ಚಕ್ಕುಬಂದಿ ಬರೀತೀರಲ್ಲ, ಮೂಡ್ಲಾಗೆ ಯಾರ್ದು, ಪಡುವ್ಲಾಗೆ ಯಾರ್ದು ಅಂತ, ಅಂಗೆ ಬರಿ. ಮೂಡ್ಲಾಗೆ ನಮ್ ಬಾವ್ನ ಜ್ವಾಳ, ಅಲ್ಗೆ ನಾಯಿ ಕಾಲಿಕ್ಬಾರ್ದು. ಬಡಗ್ಲಾಗೆ ಕಾಡು, ಅಲ್ಗಂತೂ ಬ್ಯಾಡ. ತೆಂಕ್ಲಾಗೆ ಹಳ್ಳ, ನೀರ್ ಕುಡೀಲಿ. ಪಡುವ್ಲಾಗೆ ದೊಡ್ಡಿ. ಮೇಯೋಗಂಟ ಹುಣ್ಸೆ ಮರ್ದಡೀಲಿ ನನ್ ಕಣ್ಮುಂದೆ ಕಟ್ಟಿರ್ತೀನಿ, ನೆಳ್ಳಲ್ಲಿ, ನೀರ್ ಮಡಗಿ. ಹೊತ್ತಿಳುದ್ಮೇಲೆ ಬುಡ್ತೀನಿ. ಆವಾಗ ಅದ್ರ ಕೆಲ್ಸ."

ಒಂದಕ್ಷರ ಸೇರಿಸದೆ ಬರೆದೆ. ಅಷ್ಟು ಸ್ಪಷ್ಟವಾದ ಚಕ್ಕುಬಂದಿಯನ್ನು ಕಚೇರಿಯ ಎದುರು ನನಗೆ ಯಾರೂ ಹೇಳಿಲ್ಲ.

ಹಗ್ಗವನ್ನು ಅವಳೇ ಕಟ್ಟಿದಳು, ಎಂಟು ಮೊಳದ ಹಗ್ಗ, ಬಿಗಿಯದ ಗಂಟು. ಇಷ್ಟು ದಿನ ದಣಿದಿದ್ದ ನಾಯಿ ನೆರಳಿನಲ್ಲಿ ಮೂರು ಸುತ್ತು ಸುತ್ತಿ, ಮುಂಗಾಲಿನ ಮೇಲೆ ಗಲ್ಲವಿಟ್ಟು ಮಲಗಿತು. ಆಡುಗಳು ನಿಧಾನವಾಗಿ ಬಿಡಿಬಿಡಿಯಾಗಿ ಇಳಿಜಾರಿನುದ್ದಕ್ಕೂ ಹರಡಿದವು. ಕಟ್ಟಿದ ನಾಯಿಯನ್ನು ನಾನು ಬಹಳ ಹೊತ್ತು ನೋಡಿದೆ. ಅದಕ್ಕೆ ಅವಮಾನವೇನೂ ಆದಂತಿರಲಿಲ್ಲ. ಆಗಿದ್ದು ನನಗೆ.

ಹೊತ್ತಿಳಿದ ಮೇಲೆ ಅವಳು ಗಂಟು ಬಿಚ್ಚಿ, ನಾಲಿಗೆಯಿಂದ "ಟುರ್ರ್" ಎಂದಳು. ನಾಯಿ ಇಳಿಜಾರಿನ ತುದಿಯವರೆಗೂ ಹೋಗಿ, ಜೋಳದ ಬೇಲಿಗೆ ಮೂತಿ ಹಚ್ಚಿದ್ದ ಎರಡು ಆಡುಗಳನ್ನೂ ಬಿಡಿಸಿಕೊಂಡು, ಎಲ್ಲವನ್ನೂ ದೊಡ್ಡಿಯ ಬಾಯಿಗೆ ತಂದಿತು. ಅವಳು ಬಾಗಿಲಲ್ಲಿ ಕೂತು, ಒಳಗೆ ಹೋಗುವ ಒಂದೊಂದರ ಬೆನ್ನು ಮುಟ್ಟಿ ಎಣಿಸಿದಳು. ಮೂವತ್ತೆರಡು. ಆ ಮಂಡಿಯಲ್ಲಿ ಅವಳು ಒಮ್ಮೆಯೂ ಓಡಬೇಕಾಗಲಿಲ್ಲ.

ನಾನು ಸ್ಕೂಟರು ಶುರು ಮಾಡಿದಾಗ ನಾಯಿ ಕಿವಿ ಎತ್ತಿತು. ಬರಲಿಲ್ಲ.

ಬೀದಿಗೆ ಬಂದಾಗ ಹುಡುಗಿಯ ದೊಡ್ಡಪ್ಪ ಜಗಲಿಯ ಮೇಲಿದ್ದರು. ಎರಡು ವಾರದಿಂದ ನನ್ನೊಡನೆ ಮಾತಾಡಿರಲಿಲ್ಲ.

"ಎಲ್ ಬುಟ್ಬಂದೆ ಆ ನಾಯ?" ಎಂದರು.

"ಬಿಟ್ಟಿಲ್ಲ ಅಣ್ಣ. ಕೊಟ್ಟಿದ್ದೀನಿ. ಕಾಗದ ಇದೆ, ಓದ್ತೀರಾ?"

"ಓಗ್ಲಿ ಬುಡು, ಪೀಡೆ ತೊಲಗ್ತು. ಈಗ್ಲಾರ ಕಚ್ತು ಅಂತ ಒಂದ್ ಸಾಲು ಬರ್ಕೊಟ್ರೆ ನಿಂದೂ ನಮ್ದೂ ಸರೋಯ್ತದೆ. ನಾಯೇ ಇಲ್ದ್ಮೇಲೆ ನಿಂಗೇನ್ ಕಷ್ಟ?"

ಅದನ್ನು ಅವರು ಒಳ್ಳೆಯ ಮಾತಿನಲ್ಲೇ ಕೇಳಿದರು ಎಂಬುದನ್ನೂ ದಾಖಲಿಸಬೇಕು. ನನಗೆ ಆ ಮಧ್ಯಾಹ್ನದ ಅಡ್ಡಗೆರೆ ನೆನಪಾಯಿತು. ತಪ್ಪು ಬರೆದ ಸಾಲನ್ನು ಹೊಡೆದು ಹಾಕಿ ರುಜು ಮಾಡಿ ಬಂದಿದ್ದೆ. ಹಾಗೆ ಹೊಡೆದದ್ದಕ್ಕೆ ನಾಚಿಕೆ ಪಡಲಿಲ್ಲ. ಸರಿಯಾಗಿ ಬರೆದದ್ದನ್ನು ಹೊಡೆಯಲು ನನ್ನ ಕೈ ಒಪ್ಪಲಿಲ್ಲ.

"ಬರೆಯಲ್ಲ," ಎಂದೆ.

ಎಂಟು ಸಾಲಿನ ಆ ಹಾಳೆ ನನ್ನ ಮೇಜಿನ ಖಾನೆಯಲ್ಲಿದೆ. ಕಬ್ಬಿಣ ನೆಲಕ್ಕೆ ಬಿದ್ದ ಸದ್ದಾದರೆ ಈಗಲೂ ಪೆನ್ನು ಹಿಡಿದ ಕೈ ನಿಲ್ಲುತ್ತದೆ. ನಿಲ್ಲಲಿ, ಆಮೇಲೆ ಬರೆಯುತ್ತೇನೆ. ಕೇಳಲು ಬಂದವರಿಗೆ ಎರಡನೆಯ ಮೆಟ್ಟಿಲನ್ನೂ ಟ್ಯಾಂಕನ್ನೂ ತೋರಿಸಿ, ನಡುವಿನ ಹದಿನೈದು ಹೆಜ್ಜೆಗಳನ್ನು ಮತ್ತೆ ನಡೆದು ತೋರಿಸಲು ಸಿದ್ಧಳಿದ್ದೇನೆ. ಅದು ಕಚ್ಚಲಿಲ್ಲ.